ಎದುರು ಗಾಳಿಗೆ ಕೂರುವ ಬಗೆ

ನಮ್ಮ ಕಡೆ ಸೈಕಲ್ ಅಂದರೆ ರೇಸು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಯ ಹಳ್ಳಿಗಳಿಂದ ರಾಜ್ಯ ತಂಡಕ್ಕೆ ಹೋದ ಹುಡುಗ ಹುಡುಗಿಯರು ಎಷ್ಟೋ ಜನ. ವಿಜಯಪುರದಲ್ಲಿ ಸೈಕ್ಲಿಂಗ್ ಕಲಿಯುವ ಮಕ್ಕಳಿಗೆಂದೇ ಕ್ರೀಡಾ ವಸತಿ ನಿಲಯ ಇದೆ. ರಾಮದುರ್ಗ ತಾಲೂಕಿನ ಚಂದರಗಿ ಕ್ರೀಡಾ ಶಾಲೆಯ ಹೆಸರು ಕೇಳದ ಸೈಕಲ್ ಹುಚ್ಚರು ಇಲ್ಲಿ ಸಿಗುವುದು ಕಷ್ಟ. ವೆಲೋಡ್ರೋಮ್, ಅಂದರೆ ಸೈಕಲ್ ರೇಸಿನ ಟ್ರ್ಯಾಕು, ಬೇಕು ಅಂತ ವರ್ಷಗಟ್ಟಲೆ ಕೇಳಿದ ಊರು ನಮ್ಮದು. ಬೆಳಗಿನ ಜಾವ ರೋಡಿಗೆ ಇಳಿದರೆ ಆ ಮಕ್ಕಳು ಸಾಲು ಹಿಡಿದು ಹೋಗುವುದನ್ನು ನೋಡಬಹುದು. ಬೆನ್ನು ಚಪ್ಪಟೆ, ಮೊಣಕೈ ಒಳಗೆ, ತಲೆ ಅಲುಗುವುದಿಲ್ಲ. ನನಗಂತೂ ಎಷ್ಟು ನೋಡಿದರೂ ಸಾಕಾಗುವುದಿಲ್ಲ.

ಆದರೆ ಇದರ ಜೊತೆಗೇ ಒಂದು ಫಜೀತಿ ಬಂದಿದೆ. ಈಚೆಗೆ ಊರಲ್ಲಿ ರೋಡ್ ಬೈಕ್, ಅಂದರೆ ಬಾಗಿದ ಹ್ಯಾಂಡಲ್‌ನ ರೇಸ್ ಸೈಕಲ್, ಕೊಳ್ಳುವ ದೊಡ್ಡವರು ಜಾಸ್ತಿ ಆಗಿದ್ದಾರೆ. ಬ್ಯಾಂಕಿನವರು, ಮಾಸ್ತರರು, ನರ್ಸ್‌ಗಳು, ದ್ರಾಕ್ಷಿ ತೋಟದವರು. ಶುಗರ್ ಬಂತು ಅಂತ ಕೆಲವರು, ಹೊಟ್ಟೆ ಇಳಿಸಬೇಕು ಅಂತ ಕೆಲವರು, ಸಣ್ಣವರಿದ್ದಾಗಿನ ಆಸೆ ಅಂತ ಇನ್ನು ಕೆಲವರು. ಸೈಕಲ್ ಮೇಲೆ ಹೇಗೆ ಕೂರಬೇಕು ಅಂತ ಇವರಿಗೆ ಕಣ್ಣೆದುರು ಕಾಣುವುದು ರೇಸಿನ ಮಕ್ಕಳು ಮಾತ್ರ. ಹಾಗೇ ಹ್ಯಾಂಡಲ್ ಕೆಳಗಿಳಿಸುತ್ತಾರೆ, ಹಾಗೇ ಬಗ್ಗುತ್ತಾರೆ, ಹಾಗೇ ಮೊದಲ ದಿನದಿಂದಲೇ ಜೋರು ಹೊಡೆಯುತ್ತಾರೆ. ಒಂದೆರಡು ತಿಂಗಳಲ್ಲಿ ಮೊಣಕಾಲು ಇಲ್ಲವೇ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಆಮೇಲೆ ಸೈಕಲ್ ಜಿನೆ ಕೆಳಗೆ ಸೇರುತ್ತದೆ. ಸೇರುವಾಗ ಅವರು ಹೇಳುವ ಮಾತು ಒಂದೇ: 'ವಯಸ್ಸಾತ್ರೀ, ಇನ್ನ ಆಗೂದಿಲ್ಲ.'

ಈ ಮಾತು ಕೇಳಿದರೆ ನನಗೆ ಸಂಕಟ ಆಗುತ್ತದೆ. ಹತ್ತರಲ್ಲಿ ಒಂಬತ್ತು ಸಲ ವಯಸ್ಸಿನ ತಪ್ಪು ಏನೂ ಇರುವುದಿಲ್ಲ. ಸೀಟು ಎರಡು ಬೆರಳು ಕೆಳಗಿರುತ್ತದೆ, ಹ್ಯಾಂಡಲ್ ಎರಡು ಬೆರಳು ದೂರ ಇರುತ್ತದೆ. ಅಷ್ಟೇ.

ಹದಿನೇಳರ ಹುಡುಗ ಮೊಣಕಾಲು ಮಡಿಸದೆ ಬಗ್ಗಿ ಅಂಗೈ ನೆಲಕ್ಕೆ ಊರುತ್ತಾನೆ. ದಿನಾ ಗಂಟೆಗಟ್ಟಲೆ ಸೈಕಲ್ ಹೊಡೆಯುತ್ತಾನೆ, ಹೊಡೆದು ಬಂದು ಮಲಗುತ್ತಾನೆ. ನಾವು ಎಂಟು ತಾಸು ಕುರ್ಚಿ ಮೇಲೆ ಕೂತು ಬಂದವರು. ತೊಡೆಯ ಹಿಂದಿನ ಸ್ನಾಯು ಬಿಗಿದಿರುತ್ತದೆ, ಸೊಂಟ ಮುಂದಕ್ಕೆ ಹೊರಳುವುದಿಲ್ಲ. ಸೊಂಟ ಹೊರಳದಿದ್ದರೆ ಬೆನ್ನು ಗೂನಾಗಿ ಬಾಗುತ್ತದೆ. ಬೆನ್ನು ಬಾಗಿದರೆ ರೋಡು ನೋಡಲು ಕುತ್ತಿಗೆ ಎತ್ತಬೇಕು. ಕುತ್ತಿಗೆ ನೋವಿನ ಬೇರು ಎಷ್ಟೋ ಸಲ ಹೀಗೆ ಸೊಂಟದಲ್ಲಿ ಇರುತ್ತದೆ.

ನಮ್ಮ ನೆಲದ ಒಂದು ಗುಣವನ್ನೂ ಇಲ್ಲಿ ಹೇಳಬೇಕು. ಘಟ್ಟದ ಕಡೆಯವರಿಗೆ ಏರು ಇರುತ್ತದೆ, ಇಳಿಜಾರೂ ಇರುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿಯುತ್ತಾರೆ, ಇಳಿಜಾರಿನಲ್ಲಿ ಕಾಲು ಸುಮ್ಮನಿಡುತ್ತಾರೆ. ದೇಹಕ್ಕೆ ಭಂಗಿ ಬದಲಾಗುತ್ತಾ ಇರುತ್ತದೆ. ನಮ್ಮದು ಎರಿ ಭೂಮಿ, ಬಯಲು. ವಿಜಯಪುರ ಬಿಟ್ಟು ತಿಕೋಟಾ ಕಡೆ ಹೊರಟರೆ ಪೆಡಲ್ ನಿಲ್ಲಿಸಲು ಒಂದು ನೆಪವೂ ಸಿಗುವುದಿಲ್ಲ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ತುಳಿಯಬೇಕು. ನಿಮಿಷಕ್ಕೆ 85 ಸುತ್ತು ಅಂತ ಹಿಡಿಯಿರಿ. ಗಂಟೆಗೆ 5,100 ಸುತ್ತು. ಎರಡು ಗಂಟೆ ಹೊಡೆದರೆ ಒಂದೊಂದು ಮೊಣಕಾಲೂ ಹತ್ತು ಸಾವಿರ ಸಲ ಮಡಚಿ ಬಿಚ್ಚಿರುತ್ತದೆ. ಸೀಟು ಸ್ವಲ್ಪ ತಪ್ಪಿದ್ದರೆ ಆ ತಪ್ಪೂ ಹತ್ತು ಸಾವಿರ ಸಲ ಆದ ಹಾಗೆ. ಊರೊಳಗೆ ಬಜಾರಕ್ಕೆ ಹೋಗಿ ಬರುವ ಸೈಕಲ್‌ಗೆ ಇದು ಲೆಕ್ಕಕ್ಕೆ ಬರುವುದಿಲ್ಲ. ಬಬಲೇಶ್ವರಕ್ಕೆ ಹೋಗಿ ಬಂದರೆ ಬರುತ್ತದೆ.

ನಮ್ಮ ಕಾಲೊನಿಯಲ್ಲಿ ಒಬ್ಬ ಹೈಸ್ಕೂಲ್ ಮಾಸ್ತರರಿದ್ದಾರೆ. ವಯಸ್ಸು ಐವತ್ತರ ಹತ್ತಿರ. ಮೊಣಕಾಲಿನ ಮುಂಭಾಗ, ಚಿಪ್ಪಿನ ಕೆಳಗೆ ನೋವು ಅಂತ ಸೈಕಲ್ ಮಾರಲು ಹೊರಟಿದ್ದರು. ಒಂದು ಭಾನುವಾರ ಸೈಕಲ್ ತಗೊಂಡು ಬನ್ನಿ ಅಂತ ಕರೆದೆ. ಪಡಸಾಲೆಯಲ್ಲಿ ಗೋಡೆಗೆ ಒಂದು ಕೈ ಕೊಟ್ಟು ಸೈಕಲ್ ಮೇಲೆ ಕೂರಿಸಿ ನೋಡಿದರೆ, ಪೆಡಲ್ ಪೂರಾ ಕೆಳಗೆ ಹೋದಾಗಲೂ ಮೊಣಕಾಲು ಅರ್ಧ ಮಡಚಿಯೇ ಇತ್ತು. ಇದಕ್ಕೆ ಕಾರಣ ಎಲ್ಲರಿಗೂ ಗೊತ್ತಿರುವುದೇ. ಸೀಟಿನ ಮೇಲೆ ಕೂತಾಗ ಕಾಲು ನೆಲಕ್ಕೆ ಹತ್ತಬೇಕು ಅಂತ ನಾವೆಲ್ಲ ಕಲಿತು ಬಂದವರು. ಮನೆಯಲ್ಲಿದ್ದ ಕರಿ ಸೈಕಲ್ ಒಂದೇ, ಅಪ್ಪನೂ ಅದನ್ನೇ ಹೊಡೆಯಬೇಕು, ಮಗನೂ ಅದನ್ನೇ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಎಷ್ಟೋ ಹೆಣ್ಣುಮಕ್ಕಳು ಶಾಲೆ ಬಿಡದೆ ಓದಿದ್ದು ಆ ಸೈಕಲ್‌ನಿಂದ. ಅದರ ಸೀಟು ಕೂಡ ಅಂಗಡಿಯಿಂದ ಬಂದಾಗ ಎಲ್ಲಿತ್ತೋ ಅಲ್ಲೇ ಉಳಿಯುತ್ತಿತ್ತು. ಸೀಟು ಅಳೆದು ಇಡುವ ವಸ್ತು ಅನ್ನುವ ವಿಚಾರವೇ ನಮ್ಮಲ್ಲಿ ಬೆಳೆದಿಲ್ಲ.

ಅಳೆಯುವುದು ಬಹಳ ಸುಲಭ. ಮಾಸ್ತರರನ್ನು ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದೆ. ಪಾದಗಳ ನಡುವೆ ಒಂದು ಗೇಣು ಜಾಗ. ರಟ್ಟಿನ ಹೊದಿಕೆಯ ದಪ್ಪ ಪುಸ್ತಕ ಒಂದನ್ನು ತೊಡೆಗಳ ನಡುವೆ ಅಡ್ಡ ಹಿಡಿದು, ಸೀಟಿನ ಮೇಲೆ ಕೂತಾಗ ಎಷ್ಟು ಒತ್ತುತ್ತದೋ ಅಷ್ಟೇ ಬಿಗಿಯಾಗಿ ಮೇಲಕ್ಕೆ ಒತ್ತಿಸಿದೆ. ಪುಸ್ತಕದ ಮೇಲಂಚು ಗೋಡೆಗೆ ತಾಗಿದಲ್ಲಿ ಪೆನ್ಸಿಲ್ ಗುರುತು. ನೆಲದಿಂದ ಅಲ್ಲಿಗೆ ಟೇಪ್ ಹಿಡಿದರೆ 82 ಸೆಂಟಿಮೀಟರ್ ಬಂತು. ಒಂದೇ ಸಲ ಅಳೆದು ಬಿಡಬಾರದು. ಪುಸ್ತಕ ಸ್ವಲ್ಪ ಓರೆಯಾದರೂ ಒಂದು ಸೆಂಟಿಮೀಟರ್ ಹೆಚ್ಚುಕಡಿಮೆ ಆಗುತ್ತದೆ.

ಇನ್ನು ಲೆಕ್ಕ. ಟೂರ್ ಡಿ ಫ್ರಾನ್ಸ್ ಮೂರು ಸಲ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಹೆಸರಲ್ಲಿ ಒಂದು ಸೂತ್ರ ಓಡಾಡುತ್ತದೆ. ಕಾಲಿನ ಈ ಅಳತೆಯನ್ನು 0.883ರಿಂದ ಗುಣಿಸಬೇಕು. ಪೆಡಲ್ ಕೂರಿಸಿದ ತೋಳು, ಅಂದರೆ ಕ್ರ್ಯಾಂಕ್, ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ತುದಿಗೆ ಅಷ್ಟು ದೂರ ಇರಬೇಕು. 82ಕ್ಕೆ ಅದು 72.4 ಸೆಂಟಿಮೀಟರ್. ಅದಕ್ಕೂ ಹಿಂದೆ, 1967ರಲ್ಲಿ, ಇಂಗ್ಲೆಂಡಿನ ಇಬ್ಬರು ಸಂಶೋಧಕರು ಬೇರೆ ದಾರಿಯಿಂದ ಲೆಕ್ಕ ಹಾಕಿದ್ದರು. ಪೆಡಲ್ ಕೆಳಗಿದ್ದಾಗ ಪೆಡಲ್‌ನಿಂದ ಸೀಟಿನವರೆಗೆ ಕಾಲಿನ ಅಳತೆಯ 109 ಪರ್ಸೆಂಟ್ ಇರಬೇಕು ಅಂತ. ಮಾಸ್ತರರಿಗೆ ಅದು 89.4. ಅದರಲ್ಲಿ ಕ್ರ್ಯಾಂಕಿನ 17 ಸೆಂಟಿಮೀಟರ್ ಕಳೆದರೆ ಮತ್ತೆ 72.4. ಪೆಡಲ್‌ನ ದಪ್ಪ ಅಷ್ಟಿಷ್ಟು ಆಚೀಚೆ ಮಾಡಿದರೂ ಎರಡೂ ಲೆಕ್ಕ ಹತ್ತಿರ ಹತ್ತಿರವೇ ಬಂದು ನಿಲ್ಲುತ್ತವೆ. ಗಣಿತದ ಮಾಸ್ತರರಿಗೆ ಇದು ಎಷ್ಟು ಖುಷಿ ಕೊಟ್ಟಿತು ಅಂದರೆ, ನೋವು ಮರೆತು ಕಾಗದದ ಮೇಲೆ ಮತ್ತೊಮ್ಮೆ ತಾವೇ ಮಾಡಿ ನೋಡಿದರು.

ಅವರ ಸೀಟು ಇದ್ದದ್ದು 68ರಲ್ಲಿ. ನಾಲ್ಕೂವರೆ ಸೆಂಟಿಮೀಟರ್ ಕೆಳಗೆ.

'ಇಷ್ಟ್ ಮ್ಯಾಲ ಮಾಡಿದ್ರ ಕಾಲು ನೆಲಕ್ಕ ಹತ್ತೂದಿಲ್ಲಲ್ರೀ' ಅಂದರು.

'ಹತ್ತಬಾರದ್ರೀ ಸರ್. ನಿಲ್ಲೂಮುಂದ ಸೀಟ್ ಬಿಟ್ಟು ಮುಂದ ಇಳೀರಿ, ಆಮ್ಯಾಲ ಕಾಲು ಊರ್ರಿ.'

ನಿಲ್ಲುವ ಈ ಅಭ್ಯಾಸ ಬರುವವರೆಗೆ ಸೀಟು ಏರಿಸಿ ಏನೂ ಉಪಯೋಗವಿಲ್ಲ. ಹೆದರಿಕೆಯಿಂದ ಎರಡೇ ದಿನಕ್ಕೆ ಮತ್ತೆ ಇಳಿಸಿಬಿಡುತ್ತಾರೆ. ಕಾಲೊನಿಯ ಖಾಲಿ ರೋಡಿನಲ್ಲಿ ಅದನ್ನೊಂದೇ ಮಾಡಿಸಿದೆ. ಬ್ರೇಕ್ ಹಿಡಿ, ಒಂದು ಪೆಡಲ್ ಕೆಳಗೆ ಬರಲಿ, ಅದರ ಮೇಲೆ ಭಾರ ಹಾಕಿ ಸೀಟಿನಿಂದ ಮುಂದೆ ಇಳಿ, ಇನ್ನೊಂದು ಕಾಲು ನೆಲಕ್ಕೆ. ಬಂದ ಮೇಲೆ ಎಷ್ಟು ಸುಲಭ ಅಲ್ವಾ! ಸೀಟನ್ನೂ ಒಮ್ಮೆಲೇ ಏರಿಸಲಿಲ್ಲ. ಒಂದೆರಡು ಸವಾರಿಗೆ ಐದು ಮಿಲಿಮೀಟರ್‌ನಂತೆ ಏರಿಸುತ್ತಾ ಹೋದೆವು. ವರ್ಷಗಟ್ಟಲೆ ಒಂದು ಉದ್ದಕ್ಕೆ ಒಗ್ಗಿದ ಸ್ನಾಯು ಹೊಸ ಉದ್ದಕ್ಕೆ ಹೊಂದಿಕೊಳ್ಳಲು ಟೈಮ್ ಬೇಕು.

ಸೂತ್ರದ ಸಂಖ್ಯೆ ಆರಂಭ ಅಷ್ಟೇ. ಕೊನೆಯ ತೀರ್ಮಾನ ಮೊಣಕಾಲಿನದು. ಪೆಡಲ್ ಕೆಳಗಿದ್ದಾಗ ಮೊಣಕಾಲು ಸುಮಾರು 25ರಿಂದ 35 ಡಿಗ್ರಿ ಮಡಚಿರಬೇಕು. ಕೋನ ಅಳೆಯಲು ಏನೂ ಇಲ್ಲದಿದ್ದರೆ ಹಿಮ್ಮಡಿ ಪೆಡಲ್ ಮೇಲೆ ಇಟ್ಟು ಹಿಂದಕ್ಕೆ ತಿರುಗಿಸಿ ನೋಡಿ. ಕೆಳಗೆ ಬಂದಾಗ ಕಾಲು ನೆಟ್ಟಗಾಗಬೇಕು, ಸೊಂಟ ಅತ್ತಿತ್ತ ಹೊರಳಬಾರದು. ಮೊಣಕಾಲಿನ ಮುಂದೆ ನೋವು ಬಂದರೆ ಸೀಟು ಕೆಳಗಿದೆ ಅಂತ ಮೊದಲು ಅನುಮಾನ ಪಡಿ. ಹಿಂದೆ ನೋವು ಬಂದರೆ ಸೀಟು ಜಾಸ್ತಿ ಮೇಲೆ ಹೋಗಿರಬಹುದು. ನಿಮ್ಮ ಹಿಂದೆ ಬರುವವರಿಗೆ ನಿಮ್ಮ ಸೊಂಟ ಎಡಕ್ಕೆ ಬಲಕ್ಕೆ ತೂಗಾಡುವುದು ಕಂಡರೂ ಅದೇ ಅರ್ಥ. ಇಷ್ಟಾದರೂ ನೋವು ಹೋಗದಿದ್ದರೆ, ಊತ ಇದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಡಾಕ್ಟರ ಹತ್ತಿರ ಹೋಗಬೇಕು. ಎಲ್ಲ ನೋವಿಗೂ ಅಲೆನ್ ಕೀ ಮದ್ದಲ್ಲ.

ಸೀಟನ್ನು ಹಿಂದೆ ಮುಂದೆ ಸರಿಸುವ ಬಗ್ಗೆ ಒಂದು ಹಳೆಯ ನಿಯಮ ಇದೆ. ಕ್ರ್ಯಾಂಕ್ ಅಡ್ಡ ಇದ್ದಾಗ ಮೊಣಕಾಲ ಚಿಪ್ಪಿನ ಕೆಳಗಿಂದ ತೂಗುಗುಂಡು ಬಿಟ್ಟರೆ ಅದು ಪೆಡಲ್‌ನ ಅಚ್ಚಿನ ಮೇಲೆ ಬೀಳಬೇಕು ಅಂತ. ಇದಕ್ಕೆ ಗಟ್ಟಿ ಶಾಸ್ತ್ರೀಯ ಆಧಾರ ಇಲ್ಲ ಅಂತ ಸೈಕಲ್ ತಯಾರಿಸುವವರೇ ವಾದ ಮಾಡಿದ್ದಾರೆ. ನನಗೂ ಆ ವಾದ ಸರಿ ಅನಿಸುತ್ತದೆ. ಆದರೆ ಶುರು ಮಾಡಲು ಒಂದು ಜಾಗ ಬೇಕಲ್ಲ, ಆ ಮಟ್ಟಿಗೆ ಗಾರೆ ಕೆಲಸದವರ ತೂಗುಗುಂಡು ಸಾಕು. ಸೀಟಿನ ಮೂತಿ ಮಾತ್ರ ಮೇಲೆ ಎತ್ತಿರಬಾರದು. ಮಟ್ಟಸ ಇರಲಿ, ಇಲ್ಲವೇ ಕೂದಲೆಳೆಯಷ್ಟು ಕೆಳಗೆ. ಕೂತ ಜಾಗ ಮರಗಟ್ಟುತ್ತದೆ ಅಂತ ಹೇಳಲು ನಮ್ಮಲ್ಲಿ ನಾಚಿಕೆ. ಗಂಡಸರೂ ಹೇಳುವುದಿಲ್ಲ, ಹೆಂಗಸರೂ ಹೇಳುವುದಿಲ್ಲ. ಅದು ಸಹಜ ಅಂತ ಸುಮ್ಮನಿರಬೇಡಿ. ಅಲ್ಲಿ ನರ, ರಕ್ತನಾಳ ಒತ್ತಿಕೊಳ್ಳುತ್ತಿವೆ ಅಂತ ಅದರ ಅರ್ಥ. ಮೆತ್ತನೆಯ ಜೆಲ್ ಸೀಟು ಹಾಕಿದರೆ ಸರಿಹೋಗುತ್ತದೆ ಅನ್ನುವುದೂ ತಪ್ಪು. ಮೆತ್ತಗಿದ್ದಷ್ಟೂ ಕೂರುವ ಮೂಳೆ ಒಳಗೆ ಇಳಿಯುತ್ತದೆ, ನಡುವಿನ ಭಾಗ ಮೇಲೆದ್ದು ಒತ್ತುತ್ತದೆ. ಆ ಎರಡು ಮೂಳೆಗಳ ಅಂತರಕ್ಕೆ ತಕ್ಕ ಅಗಲದ, ಸ್ವಲ್ಪ ಗಟ್ಟಿ ಸೀಟೇ ಒಳ್ಳೆಯದು.

ಇನ್ನು ಹ್ಯಾಂಡಲ್. ನನಗೆ ಬಹಳ ಹೇಳಬೇಕಿರುವುದು ಇದರ ಬಗ್ಗೆಯೇ.

ನಮ್ಮ ಜೊತೆ ಬರುವ ಅಕ್ಕ ಒಬ್ಬರಿದ್ದಾರೆ, ನರ್ಸ್. ಮೊದಮೊದಲು ಹತ್ತಿಪ್ಪತ್ತು ಕಿಲೋಮೀಟರ್ ಆಗುತ್ತಿದ್ದಂತೆ ಒಂದು ಕೈ ಬಿಟ್ಟು ಝಾಡಿಸುತ್ತಿದ್ದರು. 'ಕಿರುಬೆರಳು ಜುಂ ಅಂತೈತೋ ತಮ್ಮಾ, ಡ್ಯೂಟಿಗೆ ಹ್ವಾದ್ರೂ ಬಿಡೂದಿಲ್ಲ' ಅನ್ನುತ್ತಿದ್ದರು. ಕಿರುಬೆರಳು, ಉಂಗುರದ ಬೆರಳಿಗೆ ಹೋಗುವ ನರ ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುತ್ತದೆ. ಮೈಭಾರ ಅಲ್ಲಿ ಬಿದ್ದರೆ ಅದು ಒತ್ತಿಕೊಳ್ಳುತ್ತದೆ. ಅವರ ಎತ್ತರ ಐದಡಿ ಒಂದಿಂಚು. ಅಂಗಡಿಯಲ್ಲಿ ಇದ್ದ ಅತಿ ಸಣ್ಣ ಫ್ರೇಮ್ ಅಂತ ಕೊಟ್ಟದ್ದು ಅವರಿಗೆ ದೊಡ್ಡದೇ ಆಗಿತ್ತು. ಕೈ ಪೂರಾ ಚಾಚಿ, ಮೊಣಕೈ ಲಾಕ್ ಆಗಿ, ರೋಡಿನ ಪ್ರತಿ ಹೊಡೆತ ಸೀದಾ ಹೆಗಲಿಗೆ ಬರುತ್ತಿತ್ತು. ಹ್ಯಾಂಡಲ್ ಹಿಡಿದಿರುವ ಸ್ಟೆಮ್ 100 ಮಿಲಿಮೀಟರ್ ಇತ್ತು. 70ರದ್ದು ತರಿಸಿ ಹಾಕಿದೆವು, ಬೆಲೆ ಬಹಳ ಏನಿಲ್ಲ. ಬ್ರೇಕ್ ಲಿವರ್‌ನ ಪಕ್ಕದಲ್ಲಿ ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿ ಲಿವರ್ ಅವರ ಬೆರಳಿಗೆ ಹತ್ತಿರ ತಂದೆವು. ಅಂಗಡಿಯವರು ಇದನ್ನು ಮಾಡಿಕೊಡುವುದು ಅಪರೂಪ. ಸಣ್ಣ ಕೈಯವರು ಬ್ರೇಕ್ ಹಿಡಿಯಲು ಪಡುವ ಕಷ್ಟ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಅಕ್ಕನವರು ಈಗ ಮನಗೂಳಿವರೆಗೆ ಹೋಗಿ ಬಂದು ಡ್ಯೂಟಿಗೆ ಹೋಗುತ್ತಾರೆ. ಕೈ ಝಾಡಿಸುವುದು ನಿಂತಿದೆ.

ಮಾಸ್ತರರ ಕಥೆ ಬೇರೆ. ಸೀಟು ಕೆಳಗಿಟ್ಟುಕೊಂಡ ಅವರೇ ಹ್ಯಾಂಡಲ್ ಅನ್ನು ರೇಸಿನವರ ಹಾಗೆ ತಳಕ್ಕೆ ಇಳಿಸಿದ್ದರು. ಹ್ಯಾಂಡಲ್ ಎತ್ತರಕ್ಕೆಂದು ಸ್ಟೆಮ್ ಕೆಳಗೆ ಇರುವ ಬಳೆಗಳನ್ನೆಲ್ಲ ತೆಗೆಸಿ ಮೇಲೆ ಹಾಕಿಸಿದ್ದರು. 'ತೆಳಗ ಇದ್ರ ಗಾಳಿ ಕಡಿಮಿ ಹತ್ತತೈತಲ್ರೀ?'

ಈ ಪ್ರಶ್ನೆ ನ್ಯಾಯವಾದದ್ದು. ನಮ್ಮ ಕಡೆ ಗಾಳಿ ಅಂದರೆ ತಮಾಷೆ ಮಾತಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಬೀಸಿದರೆ ತಡೆಯಲು ಗುಡ್ಡವೂ ಇಲ್ಲ, ಕಾಡೂ ಇಲ್ಲ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದೀರಿ, ಎದುರಿಂದ 20 ಕಿಲೋಮೀಟರ್ ಗಾಳಿ ಬಂತು ಅನ್ನಿ. ನಿಮ್ಮ ಎದೆಗೆ ಬಡಿಯುವುದು 40ರ ಗಾಳಿ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಎಂದರೆ ಗಾಳಿ ಇಲ್ಲದ ದಿನಕ್ಕಿಂತ ನಾಲ್ಕು ಪಟ್ಟು ತಡೆ. ಇದರಲ್ಲಿ ಸೈಕಲ್‌ನ ಪಾಲು ಕಡಿಮೆ, ಸವಾರನ ಮೈಯದೇ ಜಾಸ್ತಿ. ಹಾಗಾದರೆ ತಗ್ಗಿ ಕೂರಬೇಕು, ಸರಿ. ಆದರೆ ಮಾಸ್ತರರು ತಗ್ಗುತ್ತಿದ್ದರೇ? ಹ್ಯಾಂಡಲ್ ತಗ್ಗಿತ್ತು, ಅವರು ತಗ್ಗಿರಲಿಲ್ಲ. ಅಷ್ಟು ಕೆಳಗಿನ ಹ್ಯಾಂಡಲ್ ಹಿಡಿಯಲು ಕೈ ಸೆಟೆದು ನೆಟ್ಟಗಾಗಿತ್ತು, ಮೊಣಕೈ ಮಡಚಲು ಜಾಗವೇ ಇರಲಿಲ್ಲ. ಗಾಳಿ ಜೋರಾದಾಗ ಇನ್ನಷ್ಟು ತಗ್ಗಲು ದಾರಿ ಉಳಿದಿರಲಿಲ್ಲ. ಹ್ಯಾಂಡಲ್‌ನ ಕೆಳಗಿನ ಬಾಗಿದ ಭಾಗವನ್ನು ಅವರು ಮುಟ್ಟಿಯೇ ಇರಲಿಲ್ಲ.

ಬಳೆಗಳನ್ನು ವಾಪಸ್ ಕೆಳಗೆ ಹಾಕಿದೆವು. ಸ್ಟೆಮ್ ಅನ್ನು ಮಗುಚಿ ಹಾಕಿದೆವು, ಅದರಿಂದ ಹ್ಯಾಂಡಲ್ ಇನ್ನೂ ಸ್ವಲ್ಪ ಮೇಲೆ ಬಂತು. ಪುಣ್ಯಕ್ಕೆ ಫೋರ್ಕ್‌ನ ಮೇಲಿನ ಕೊಳವೆಯನ್ನು ಕೊಯ್ಯಿಸಿರಲಿಲ್ಲ. ಒಮ್ಮೆ ಕೊಯ್ದರೆ ಮತ್ತೆ ಏರಿಸಲು ಬರುವುದಿಲ್ಲ. ಹೊಸ ಸೈಕಲ್ ಕೊಂಡವರು ಮೊದಲ ಒಂದು ವರ್ಷ ಅದಕ್ಕೆ ಗರಗಸ ಹಚ್ಚಲು ಯಾರಿಗೂ ಬಿಡಬೇಡಿ. ಆಮೇಲಿನ ವಾರ ಎದುರು ಗಾಳಿಯಲ್ಲಿ ತಿಕೋಟಾ ರೋಡಿಗೆ ಹೋದಾಗ ನಾನು ಅವರ ಪಕ್ಕದಲ್ಲೇ ಇದ್ದೆ. ಹ್ಯಾಂಡಲ್ ಮೇಲೆ ಬಂದಿದ್ದರಿಂದ ಮೊಣಕೈ ಮಡಚಿತು. ಮೊಣಕೈ ಮಡಚಿದ್ದರಿಂದ ಎದೆ ಕೆಳಗೆ ಬಂತು. ಗಾಳಿ ಬಡಿದಾಗ ಕೆಳಗಿನ ಭಾಗ ಹಿಡಿದು ಹತ್ತು ನಿಮಿಷ ಹಾಗೇ ಇದ್ದರು. ಹ್ಯಾಂಡಲ್ ಏರಿಸಿದ ಮೇಲೆ ಅವರ ಮೈ ಮೊದಲಿಗಿಂತ ತಗ್ಗಿತ್ತು. ಬಯಲು ಸೀಮೆಯ ಸವಾರನಿಗೆ ಇದಕ್ಕಿಂತ ದೊಡ್ಡ ವಿಷಯ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ನೋಡಲು ಚೆಂದ ಕಾಣುವ ಭಂಗಿ ಐದು ನಿಮಿಷ ಉಳಿದರೆ ಏನು ಪ್ರಯೋಜನ? ಎರಡು ಗಂಟೆ ಉಳಿಯುವ ಭಂಗಿ ಬೇಕು.

ಫ್ರೇಮ್ ಸೈಜಿನ ಬಗ್ಗೆ ಒಂದೇ ಮಾತು. ಸೀಟು, ಸ್ಟೆಮ್ ಎಲ್ಲ ಬದಲಿಸಬಹುದು, ಫ್ರೇಮ್ ಬದಲಿಸಲಾಗದು. ಅಂಗಡಿಯಲ್ಲಿ ಎರಡು ಸೈಜಿನ ನಡುವೆ ಅನುಮಾನ ಬಂದರೆ ಸಣ್ಣದು ತಗೊಳ್ಳಿ. ಸಣ್ಣದನ್ನು ಸ್ವಲ್ಪ ದೊಡ್ಡದು ಮಾಡಬಹುದು, ದೊಡ್ಡದನ್ನು ಸಣ್ಣದು ಮಾಡುವುದು ಕಷ್ಟ. ಡಿಸ್ಕೌಂಟ್ ಇದೆ ಅಂತ ಸೈಜು ಬಿಟ್ಟು ಕೊಳ್ಳಬೇಡಿ.

ಸರಿಯಾಗಿ ಕೂತ ಮೇಲೆ ಟ್ರೇನಿಂಗ್ ಮಾತು. ಇಲ್ಲಿಯೂ ನಾವು ರೇಸಿನ ಮಕ್ಕಳನ್ನು ತಪ್ಪಾಗಿ ಓದುತ್ತೇವೆ. ಅವರು ನಮ್ಮ ಕಣ್ಣಿಗೆ ಬೀಳುವುದು ಜೋರಾಗಿ ಹೋಗುವಾಗ. ಗಂಟೆಗಟ್ಟಲೆ ನಿಧಾನ ಹೊಡೆಯುವುದನ್ನು ಯಾರು ನಿಂತು ನೋಡುತ್ತಾರೆ? ನಾರ್ವೆಯಲ್ಲಿ ಕೆಲಸ ಮಾಡುವ ಸ್ಟೀಫನ್ ಸೈಲರ್ ಅನ್ನುವ ಸಂಶೋಧಕರು ಸೈಕಲ್, ಸ್ಕೀಯಿಂಗ್, ದೋಣಿ, ಓಟ ಹೀಗೆ ದೀರ್ಘ ಆಟಗಳ ಮೇಲ್ಮಟ್ಟದ ಆಟಗಾರರ ಟ್ರೇನಿಂಗ್ ನೋಡಿದರು. ಅವರ ನೂರು ಅಭ್ಯಾಸಗಳಲ್ಲಿ ಸುಮಾರು ಎಂಬತ್ತು ಹಗುರವಾದವು, ಇಪ್ಪತ್ತು ಮಾತ್ರ ಕಠಿಣ. ಹವ್ಯಾಸಿ ಸವಾರರು ಇದನ್ನು ಎರಡೂ ಕಡೆಯಿಂದ ಕೆಡಿಸುತ್ತಾರೆ. ಹಗುರ ಇರಬೇಕಾದ ದಿನ ಪೈಪೋಟಿಗೆ ಬಿದ್ದು ಜೋರು ಹೊಡೆಯುತ್ತಾರೆ. ಜೋರು ಇರಬೇಕಾದ ದಿನ ದಣಿದು ಅರೆಬರೆ ಹೊಡೆಯುತ್ತಾರೆ.

ಹಗುರ ಅಂದರೆ ಎಷ್ಟು? ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಬರಬೇಕು. ಮಾತಿನ ನಡುವೆ ಉಸಿರು ಹಿಡಿಯಬೇಕಾಗಿ ಬಂದರೆ ಜಾಸ್ತಿ ಆಯಿತು. ಹಾಡು ಹೇಳಲು ಬಂದರೆ ಕಡಿಮೆ ಆಯಿತು. ಎದೆಬಡಿತದ ಪಟ್ಟಿ ಇದ್ದವರು 220ರಲ್ಲಿ ವಯಸ್ಸು ಕಳೆದು ಬಂದ ಸಂಖ್ಯೆಯನ್ನೇ ತಮ್ಮ ಗರಿಷ್ಠ ಎದೆಬಡಿತ ಅಂತ ನಂಬಿ ಕೂರುತ್ತಾರೆ. ಅದು ಸರಾಸರಿ. ಒಬ್ಬೊಬ್ಬರಿಗೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಬರಬಹುದು. ಇಪ್ಪತ್ತು ನಿಮಿಷ ಪೂರ್ತಿ ಶಕ್ತಿ ಹಾಕಿ ಹೊಡೆದು, ತುಳಿತದ ಸರಾಸರಿ ವ್ಯಾಟ್‌ನ 95 ಪರ್ಸೆಂಟ್ ಎಷ್ಟು ಅಂತ ಲೆಕ್ಕ ಹಾಕಿ, ಅದನ್ನೇ ಅಳತೆಗೋಲು ಮಾಡಿಕೊಂಡು ಟ್ರೇನಿಂಗ್ ಮಾಡುವ ಪದ್ಧತಿ ಇದೆ. ಒಳ್ಳೆಯದೇ. ಆದರೆ ಆ ವ್ಯಾಟ್ ಅಳೆಯುವ ಪವರ್ ಮೀಟರ್‌ಗೆ ಹಾಕುವ ದುಡ್ಡಿನಲ್ಲಿ ಸರಿಯಾದ ಸೀಟು, ಒಳ್ಳೆಯ ಟೈರು, ಪ್ಯಾಡ್ ಇರುವ ಚಡ್ಡಿ ಮೂರೂ ಬರುತ್ತವೆ. ಮೊದಲು ಅವು.

ಗೇರಿನ ವಿಷಯದಲ್ಲೂ ಹಳೆ ಅಭ್ಯಾಸ ಬಿಡಬೇಕು. ಭಾರದ ಗೇರ್ ಹಾಕಿ ದಬಾಯಿಸಿ ತುಳಿದರೆ ಮಾತ್ರ ಮೈಗೆ ಕಸರತ್ತು ಅಂತ ನಮ್ಮಲ್ಲಿ ನಂಬಿಕೆ. ಆ ಭಾರ ಬೀಳುವುದು ಮೊಣಕಾಲಿನ ಮೇಲೆ. ಹಗುರ ಗೇರ್ ಹಾಕಿ ನಿಮಿಷಕ್ಕೆ 80ರಿಂದ 90 ಸುತ್ತು ತಿರುಗಿಸಿದರೆ ಅದೇ ವೇಗ ಬರುತ್ತದೆ, ಕೆಲಸ ಎದೆ ಮತ್ತು ಉಸಿರಿಗೆ ಹಂಚಿಹೋಗುತ್ತದೆ. ಎದುರು ಗಾಳಿ ಬಂದಾಗ ಇದನ್ನು ಮರೆಯುವವರೇ ಜಾಸ್ತಿ. ವೇಗ ಬಿದ್ದರೆ ಬೀಳಲಿ. ಗೇರ್ ಇಳಿಸಿ, ಸುತ್ತು ಕಾಯ್ದುಕೊಳ್ಳಿ. ಗಾಳಿಯೇ ನಮ್ಮ ಗುಡ್ಡ. ವಾರಕ್ಕೊಂದು ಕಠಿಣ ದಿನವನ್ನೂ ಅದರ ಮೇಲೇ ಮಾಡಬಹುದು. ಗಾಳಿಗೆ ಎದುರಾಗಿ ನಾಲ್ಕು ನಿಮಿಷ ಜೋರು, ನಾಲ್ಕು ನಿಮಿಷ ಆರಾಮ, ಹೀಗೆ ನಾಲ್ಕೈದು ಸಲ. ಮಳೆಗಾಲದಲ್ಲಿ ಪಡುವಣಕ್ಕೆ ಹೋಗುವ ದಾರಿ ಆರಿಸಿಕೊಂಡರೆ ಬರುವಾಗ ಗಾಳಿಯೇ ಮನೆಗೆ ತಳ್ಳಿಕೊಂಡು ಬರುತ್ತದೆ. ದಕ್ಷಿಣಕ್ಕೆ ಕೊಲ್ಹಾರದ ಕಡೆ ಹೋದರೆ ಮಾತ್ರ ಹುಷಾರು. ಕೃಷ್ಣೆಯ ಮೇಲಿನ ಆ ಉದ್ದ ಸೇತುವೆಯಲ್ಲಿ ಅಡ್ಡಗಾಳಿ ಹೊಡೆದರೆ ಸೈಕಲ್ ಒಂದು ಮೊಳ ಸರಿದುಬಿಡುತ್ತದೆ. ಹಿಂದೆ ಲಾರಿ ಇರುತ್ತದೆ.

ಬೇಸಿಗೆಯಲ್ಲಿ ಟ್ರೇನಿಂಗ್ ಅನ್ನುವ ಮಾತೇ ಸ್ವಲ್ಪ ಕಡಿಮೆ ಮಾಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿದು. ಐದಕ್ಕೆ ಹೊರಟು ಎಂಟರೊಳಗೆ ಮನೆ ಸೇರಬೇಕು. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕು, ಬರೀ ನೀರಲ್ಲ, ಉಪ್ಪು ಹಾಕಿದ ಲಿಂಬು ಪಾನಕ. ಒಂದೂವರೆ ಗಂಟೆ ಮೀರಿದ ಸವಾರಿಗೆ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ, ಸಕ್ಕರೆ ಹೊಟ್ಟೆಗೆ ಬೀಳಬೇಕು. ಇದಕ್ಕೆ ಹೊರಗಿನಿಂದ ಜೆಲ್ ಪಾಕೀಟು ತರಿಸುವವರನ್ನು ನೋಡಿದರೆ ನನಗೆ ಬೇಜಾರು. ನಮ್ಮದು ದ್ರಾಕ್ಷಿ ಸೀಮೆ. ನಲವತ್ತು ಗ್ರಾಂ ಒಣದ್ರಾಕ್ಷಿಯಲ್ಲಿ ಪಿಷ್ಟ, ಸಕ್ಕರೆ ಸೇರಿ ಹೆಚ್ಚುಕಡಿಮೆ ಮೂವತ್ತು ಗ್ರಾಂ ಇರುತ್ತದೆ. ಒಂದು ಮುಷ್ಟಿ ಜೇಬಿಗೆ ಹಾಕಿಕೊಂಡರೆ ಆಯಿತು. ಬಾಳೆಹಣ್ಣು ಎಲ್ಲ ಊರಲ್ಲೂ ಸಿಗುತ್ತದೆ. ಶೇಂಗಾ ಉಂಡೆಯಲ್ಲಿ ಎಣ್ಣೆ ಅಂಶ ಜಾಸ್ತಿ, ನಿಧಾನಕ್ಕೆ ಕರಗುತ್ತದೆ. ಜೋರು ಹೊಡೆಯುವಾಗ ಅದು ಹೊಟ್ಟೆಯಲ್ಲಿ ಭಾರ. ಉದ್ದದ ಹಗುರ ಸವಾರಿಗೆ, ನಡುವೆ ಚಹಾಕ್ಕೆ ನಿಂತಾಗ, ಅದಕ್ಕಿಂತ ರುಚಿ ಬೇರೆ ಇಲ್ಲ. ಶುಗರ್ ಮಾತ್ರೆ ತಗೊಳ್ಳುವವರು ಮಾತ್ರ ಇದನ್ನೆಲ್ಲ ತಮ್ಮ ಡಾಕ್ಟರನ್ನು ಕೇಳಿಯೇ ಮಾಡಬೇಕು.

ಟೈರಿನ ಗಾಳಿ ಕಲ್ಲಿನಂತೆ ಗಟ್ಟಿ ಇರಬೇಕು ಅನ್ನುವುದೂ ಹೋಗಬೇಕಾದ ನಂಬಿಕೆ. ಎಪ್ಪತ್ತೈದು ಕಿಲೋ ತೂಕದವರಿಗೆ 28 ಮಿಲಿಮೀಟರ್ ಟೈರಿನಲ್ಲಿ 70ರಿಂದ 80 ಪಿಎಸ್‌ಐ ಸಾಕು. ನಮ್ಮ ಒರಟು ರೋಡಿನಲ್ಲಿ ಅದಕ್ಕಿಂತ ಜಾಸ್ತಿ ಹಾಕಿದರೆ ಟೈರು ಕುಣಿಯುತ್ತದೆ, ಕೈ ನೋಯುತ್ತದೆ, ವೇಗವೂ ಬರುವುದಿಲ್ಲ. ಜಾಲಿ ಮುಳ್ಳಿಗೆ ಮಾತ್ರ ಯಾವ ಲೆಕ್ಕವೂ ನಡೆಯುವುದಿಲ್ಲ. ರೋಡಿನ ಅಂಚಿಗೆ ಇಳಿಯಬೇಡಿ, ಎರಡು ಟ್ಯೂಬ್ ಇಟ್ಟುಕೊಳ್ಳಿ. ಕಬ್ಬು ಅರೆಯುವ ಹಂಗಾಮಿನಲ್ಲಿ ನಸುಕಿನಲ್ಲಿ ಹೋಗುವವರು ಹಿಂದಿನ ಕೆಂಪು ದೀಪ ಹಗಲಾಗುವವರೆಗೂ ಆರಿಸಬಾರದು. ಎರಡು ಟ್ರೇಲರ್ ಕಟ್ಟಿಕೊಂಡು ಬರುವ ಟ್ರ್ಯಾಕ್ಟರ್ ಡ್ರೈವರ್‌ಗೆ ಹಿಂದಿನದೂ ಕಾಣುವುದಿಲ್ಲ, ಪಕ್ಕದ್ದೂ ಕಾಣುವುದಿಲ್ಲ. ದೂರದಿಂದ ಬಂತು ಅಂದರೆ ರೋಡು ಬಿಟ್ಟು ನಿಂತುಬಿಡುವುದೇ ಲೇಸು.

ಮಾಸ್ತರರ ಕಣ್ಣು ಈಗ ಬ್ರೆವೆ ಅನ್ನುವ 200 ಕಿಲೋಮೀಟರ್ ಸವಾರಿ ಮೇಲೆ ಬಿದ್ದಿದೆ. ರೇಸ್ ಅಲ್ಲ ಅದು, ಮೊದಲು ಬಂದವರಿಗೆ ಬಹುಮಾನ ಇಲ್ಲ. ಹದಿಮೂರೂವರೆ ಗಂಟೆಯೊಳಗೆ ಮುಗಿಸಿದರೆ ಆಯಿತು. ನಿಂತದ್ದು, ಉಂಡದ್ದು, ಪಂಕ್ಚರ್ ಹಾಕಿದ್ದು ಎಲ್ಲ ಸೇರಿ ಗಂಟೆಗೆ ಹದಿನೈದು ಕಿಲೋಮೀಟರ್‌ಗಿಂತ ಸ್ವಲ್ಪ ಕಡಿಮೆ ಸರಾಸರಿ. ವೇಗದ ದೃಷ್ಟಿಯಿಂದ ಅವರಿಗೆ ಅದು ಏನೂ ಅಲ್ಲ. ಹತ್ತು ಗಂಟೆ ಸೀಟಿನ ಮೇಲೆ ಕೂರುವುದೇ ನಿಜವಾದ ಪರೀಕ್ಷೆ. ಸೀಟು ಈಗ 72ರಲ್ಲಿದೆ. ಸೂತ್ರದ 72.4ಕ್ಕೆ ಏರಿಸಿದಾಗ ಬಲಗಾಲಿನ ಹಿಂದೆ ಎಳೆತ ಬಂತು, ಅದಕ್ಕೇ ನಾಲ್ಕು ಮಿಲಿಮೀಟರ್ ಇಳಿಸಿದೆವು. ಸೀಟ್‌ಪೋಸ್ಟ್ ಮೇಲೆ ಆ ಜಾಗಕ್ಕೆ ಇನ್ಸುಲೇಷನ್ ಟೇಪ್ ಸುತ್ತಿದ್ದಾರೆ, ಸರ್ವಿಸಿಂಗ್‌ಗೆ ಕೊಟ್ಟಾಗ ಯಾರಾದರೂ ಇಳಿಸಿದರೂ ಮತ್ತೆ ಅಲ್ಲಿಗೇ ತರಲು. ದಸರಾ ರಜೆಯಲ್ಲಿ ಮೊದಲು ಆಲಮಟ್ಟಿಗೆ ಹೋಗಿ ಬರುವುದು, ಅಲ್ಲಿ ಕುತ್ತಿಗೆ ಏನು ಹೇಳುತ್ತದೆ ಅಂತ ನೋಡಿ ಹ್ಯಾಂಡಲ್ ಇನ್ನೊಂದು ಬಳೆ ಇಳಿಸಬೇಕೋ ಬೇಡವೋ ನಿರ್ಧಾರ ಮಾಡುವುದು ಅಂತ ಮಾತಾಗಿದೆ.